ಹಾಳೆ ತಿರುವುವವಳು

ಮಾರ್ಚ್ ೪

ಮಗಳಿಗೆ,

ನಿನ್ನ ಪತ್ರ ಬಂತು. ಫೋನ್ ಮಾಡಿದರೆ ನೀನು ಹೂಂ, ಊಹೂಂ ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ಕಾಗದ ಸಿಕ್ಕರೆ ಎರಡು ಪುಟ ಬರೆಯುತ್ತೀಯ. ಅದಕ್ಕೆ ನಾನೂ ಕಾಗದವನ್ನೇ ಹಿಡಿದಿದ್ದೇನೆ.

ಕಡ್ಡಿಯ ವಿಷಯ. ನೀನು ಊರು ಬಿಟ್ಟು ಆ ನೃತ್ಯಶಾಲೆಗೆ ಪಿಯಾನೋ ನುಡಿಸಲು ಹೋದೆ ಅಂತ ನಿನ್ನ ಶಿಷ್ಯೆಯನ್ನು ನಾವು ಬೀದಿಗೆ ಬಿಟ್ಟಿಲ್ಲ. ಸಂಜೆ ಹೊತ್ತು ಅಂಗಡಿಗೆ ಬರುತ್ತಾಳೆ. ಇನ್ನೂ ಹಾಗೇ ಇದ್ದಾಳೆ, ಜೋರಾಗಿ ಸೀನಿದರೆ ಹಾರಿಹೋಗುವ ಹಾಗೆ. ನಾನಿಟ್ಟ ಹೆಸರು ಸುಳ್ಳಾಗಲಿಲ್ಲ. ಸಂಗೀತ ಕಾಲೇಜಿನ ಆಯ್ಕೆ ಮುಂದಿನ ತಿಂಗಳು, ನಮ್ಮ ಸಭಾಭವನದಲ್ಲೇ. ಬೆರಳಿನ ಕೆಲಸವನ್ನು ಅವಳ ಹೊಸ ಮೇಷ್ಟ್ರು ನೋಡಿಕೊಳ್ಳುತ್ತಾರೆ. ಬಾಯಿಪರೀಕ್ಷೆಗೆ ಇಟಾಲಿಯನ್ ಮಾತುಗಳನ್ನು ಅಮ್ಮ ಕಲಿಸಲಿ ಅಂತ ಬರೆದೆಯಲ್ಲ, ಅದು ಮಾತ್ರ ಬುದ್ಧಿವಂತರ ಮಾತು.

ಇಸ್ತ್ರಿ ಮೇಜಿನ ಆ ಕಡೆ ಅವಳು, ಈ ಕಡೆ ನಾನು, ಪಕ್ಕದಲ್ಲಿ ನಿಘಂಟು. ಹೈಸ್ಕೂಲಿನಲ್ಲಿ ನನಗೆ ಬಹುಮಾನ ಬಂದದ್ದು. ಬೆನ್ನು ಬಿಟ್ಟಿದ್ದರೂ ಕೊನೆಯ ಪುಟಗಳು ಗಟ್ಟಿಯಾಗಿವೆ. ಅದರಲ್ಲೇ ಅಲ್ಲವೇ ಇಂಗ್ಲಿಷಿನವರು ಬೇರೆ ಭಾಷೆಗಳಿಂದ ಎರವಲು ತಂದ ಮಾತುಗಳೆಲ್ಲ ಇರುವುದು. ಕಡ್ಡಿಗೆ ಹೇಳಿದೆ: "ನೋಡೇ, ಪಿಯಾನೋ ಅಂದ್ರೆ ಮೆಲ್ಲಗೆ. ಫೋರ್ಟೆ ಅಂದ್ರೆ ಜೋರಾಗಿ. ಮೆಲ್ಲಗೂ ಜೋರಾಗೂ ನುಡಿಯುತ್ತೆ ಅಂತ ಆ ಪೆಟ್ಟಿಗೆಗೆ ಎರಡೂ ಸೇರಿಸಿ ಹೆಸರಿಟ್ಟರು. ಆಮೇಲೆ ಜನ ಸೋಮಾರಿಗಳಾಗಿ ಅರ್ಧ ಹೆಸರು ಉಳಿಸಿಕೊಂಡರು." ಕ್ರೆಶೆಂಡೋ ಅಂದರೆ ಒಮ್ಮೆಲೇ ಕಿರುಚುವುದಲ್ಲ, ಹಾಲು ಉಕ್ಕುವ ಹಾಗೆ ಏರುತ್ತಾ ಹೋಗುವುದು. ಪತ್ರಿಕೆಯವರು "ಗಲಾಟೆ ಕ್ರೆಶೆಂಡೋ ಮುಟ್ಟಿತು" ಅಂತ ಬರೆಯುತ್ತಾರೆ. ಏರುವುದನ್ನು ಮುಟ್ಟುವುದು ಹೇಗೆ? ಸೋತ್ತೋ ವೋಚೆ ಅಂದರೆ ದನಿಯ ಕೆಳಗೆ, ಪಿಸುಮಾತಿನಲ್ಲಿ. ನಿನ್ನ ಅತ್ತಿಗೆ ನನ್ನ ಬಗ್ಗೆ ಅಡುಗೆಮನೆಯಲ್ಲಿ ಆಡುವ ಮಾತೆಲ್ಲ ಅದೇ. ಮೊನ್ನೆ ಅವಳು ಗಂಜಿ ಗಂಟು ಕಟ್ಟಿಸಿ ನಾಲ್ಕು ಅಂಗಿ ಹಾಳು ಮಾಡಿದಳು. ನಾನು "ಫಿಯಾಸ್ಕೋ!" ಅಂದೆ. "ಹಾಗಂದ್ರೇನು ಅತ್ತೆ?" ಅಂದಳು. "ಇಟಲಿಯಲ್ಲಿ ಬರೀ ಬಾಟಲಿ. ಇಂಗ್ಲಿಷಿಗೆ ಬಂದಮೇಲೆ ನೀನು ಮಾಡಿದ ಗಂಜಿ" ಅಂದೆ. ಕಡ್ಡಿ ನಕ್ಕು ನಕ್ಕು ಬಿದ್ದಳು. ನಿನ್ನ ಅತ್ತಿಗೆ ಮಾತ್ರ "ಪ್ರಿಮಾ ಡೊನ್ನಾ ಅಂದ್ರೆ ಏನು ಅಂತ ನಂಗೆ ಗೊತ್ತು ಬಿಡಿ" ಅಂತ ಒಳಗೆ ಹೋದಳು. ಮೊದಲ ಹೆಂಗಸು ಅಂತ ಅರ್ಥ. ಅದರಲ್ಲಿ ಬೈಗುಳ ಏನಿದೆ?

ನನಗೆ ಎಲ್ಲಕ್ಕಿಂತ ಇಷ್ಟದ್ದು ಯಾವುದು ಅಂತ ನಿನಗೆ ಗೊತ್ತು. ವೋಲ್ತಿ ಸೂಬಿತೋ. ಬೇಗ ತಿರುವು. ಸ್ವರಪುಸ್ತಕದಲ್ಲಿ ಪುಟದ ಬುಡಕ್ಕೆ ಬರೆದಿರುತ್ತಾರೆ. ಇಡೀ ಭಾಷೆಯಲ್ಲಿ ಹಾಳೆ ತಿರುವುವವಳಿಗೆ ಅಂತಲೇ ಇರುವ ಮಾತು ಅದೊಂದು.

ಅಂದ ಹಾಗೆ, ಆ ದಿನ ಕಡ್ಡಿಯ ಪಕ್ಕ ಹಾಳೆ ತಿರುವಲು ಕೂರುವವಳು ನಾನೇ. ಬೇರೆ ಯಾರಿದ್ದಾರೆ?

ಎಲ್ಲರೂ ನೆಟ್ಟಗಿದ್ದಾರೆ.

ನಿನ್ನ ತಾಯಿ


ಮಾರ್ಚ್ ೧೧

ಅಮ್ಮ,

ನೀನು ಕಲಿಸಿದ ಮಾತುಗಳನ್ನು ಕಡ್ಡಿ ಫೋನಿನಲ್ಲಿ ಒಪ್ಪಿಸಿದಳು. ಫಿಯಾಸ್ಕೋ ಹೇಳುವಾಗ ನಿನ್ನ ದನಿಯನ್ನೇ ತಂದಳು, ಅತ್ತಿಗೆಗೆ ಹೇಳಬೇಡ. ಬಾಯಿಪರೀಕ್ಷೆಯ ಚಿಂತೆ ನನಗಿಲ್ಲ.

ಒಂದು ಮಾತು. ಹೊಸ ಮೇಷ್ಟ್ರು ಅವಳ ಹಳೆಯ ಪುಸ್ತಕ ಬಿಡಿಸಿ ಬೇರೆ ಪ್ರತಿ ಕೊಟ್ಟಿದ್ದಾರಂತೆ. ಆ ಪ್ರತಿಯಲ್ಲಿ ಸ್ವರ ಬಿಟ್ಟು ಏನೂ ಅಚ್ಚಾಗಿರುವುದಿಲ್ಲ. ಆ ಸಂಗೀತ ಬರೆದವರು ಮೆಲ್ಲಗೆ, ಜೋರು ಅನ್ನುವ ಯಾವ ಸೂಚನೆಯನ್ನೂ ಬರೆದಿರಲಿಲ್ಲ, ಮಾತುಗಳೆಲ್ಲ ಆಮೇಲಿನವರು ಸೇರಿಸಿದ್ದು ಅಂತ ಈಗಿನವರ ವಾದ. ಹಾಗಾಗಿ ಹಾಳೆ ತಿರುವಬೇಕಾದಾಗ ಕಡ್ಡಿ ತಲೆ ಆಡಿಸಲಿ. ಇಲ್ಲಿ ದೊಡ್ಡ ದೊಡ್ಡವರೂ ಹಾಗೇ ಮಾಡುತ್ತಾರೆ. ಒಂದೆರಡು ಸಂಜೆ ಅವಳ ಜೊತೆ ಕೂತು ಅಭ್ಯಾಸವನ್ನೂ ಮಾಡು.

ಇಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನುಡಿಸುತ್ತೇನೆ. ಮಕ್ಕಳ ಪಾದಗಳ ಸದ್ದಿಗೆ ಗೋಡೆಯ ಕನ್ನಡಿ ಅದುರುತ್ತದೆ. ಕೆಲಸ ಇಷ್ಟವಾಗಿದೆ.

ತಲೆ ಆಡಿಸಲಿ, ಅಮ್ಮ. ಮರೆಯಬೇಡ.

ನಿನ್ನ ಮಗಳು


ಮಾರ್ಚ್ ೧೯

ಮಗಳಿಗೆ,

ತಲೆ ಆಡಿಸುವುದು ಕೋಲೆಬಸವ. ಇಷ್ಟು ವರ್ಷ ನಿನ್ನ ಎಡಗಡೆ ಕೂತು ಹಾಳೆ ತಿರುವಿದ್ದೇನೆ. ಒಂದು ದಿನ ನೀನು ತಲೆ ಆಡಿಸಿದೆಯಾ? ಒಂದು ದಿನ ನಾನು ತಪ್ಪಿದೆನಾ? ಸಭಾಭವನದಲ್ಲಿ ಯಾರದೇ ಕಛೇರಿ ಇರಲಿ, "ಅಂಗಡಿಯ ಅಮ್ಮಾವ್ರು ಬಂದರೆ ನಮಗೆ ನೆಮ್ಮದಿ" ಅಂತ ಕಾರ್ಯದರ್ಶಿ ಹೇಳಿ ಕಳಿಸುತ್ತಿರಲಿಲ್ಲವೇ? ಹೆಣ್ಣುಮಗಳು ನುಡಿಸಿದಾಗ ಜನ "ಬ್ರಾವೋ" ಅಂದರೆ "ಹೆಣ್ಣಿಗೆ ಬ್ರಾವಾ ಅನ್ನಬೇಕು" ಅಂತ ತಿದ್ದುತ್ತಿದ್ದವಳು ಇಡೀ ಊರಿನಲ್ಲಿ ನಾನೊಬ್ಬಳೇ. ಈಗ ಹೋಗಿ ಆ ಕಡ್ಡಿಯಿಂದ ಸನ್ನೆ ಮಾಡಿಸಿಕೊಳ್ಳಬೇಕೇ?

ಅವಳಿಗೂ ಹೇಳಿದ್ದೇನೆ. "ನನಗೆ ತಲೆಗಿಲೆ ಆಡಿಸಬೇಡ. ಕಣ್ಣು ನನಗೂ ಇದೆ" ಅಂದೆ. "ಆಯ್ತು ಅಜ್ಜಿ" ಅಂದಳು. ಅಭ್ಯಾಸಕ್ಕೆ ಬರುತ್ತೀರಾ ಅಂತ ಕೇಳಿದಳು. ಸಭಾಭವನದ ತೆರೆಗಳೆಲ್ಲ ಈಗ ನಮ್ಮ ತೊಟ್ಟಿಯಲ್ಲಿವೆ, ಒದ್ದೆ ತೆರೆ ಎತ್ತುವುದೆಂದರೆ ಆನೆ ಎತ್ತಿದ ಹಾಗೆ. ಪುರುಸೊತ್ತಿಲ್ಲ ಅಂದೆ.

ಹೊಸ ಪುಸ್ತಕ ತಂದು ತೋರಿಸಿದಳು. ಒಳ್ಳೆಯ ಕಾಗದ. ಬಿಳಿ ಜಾಸ್ತಿ ಇದೆ.

ನಿನ್ನ ತಾಯಿ


ಏಪ್ರಿಲ್ ೯

ಮಗಳಿಗೆ,

ಆಯ್ಕೆ ನಿನ್ನೆ ಮುಗಿಯಿತು. ತೆರೆಗಳು ಚೆನ್ನಾಗಿ ಕಂಡವು. ಒಂದು ಸುಕ್ಕಿರಲಿಲ್ಲ, ಕಾರ್ಯದರ್ಶಿ ಎಲ್ಲರ ಮುಂದೆ ಹೇಳಿದರು. ಕೇಳುವವರು ಮೂವರು, ಮುಂದಿನ ಸಾಲಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಬಾಯಿಪರೀಕ್ಷೆಯಲ್ಲಿ ಕಡ್ಡಿ ಒಂದೂ ತಪ್ಪು ಹೇಳಲಿಲ್ಲವಂತೆ.

ನುಡಿಸುವಾಗ ಹುಡುಗಿ ಕೈಕೊಟ್ಟಳು. ಎರಡನೆಯ ಕೃತಿಯ ನಡುವೆ ತಡವರಿಸಿ ನಿಂತುಬಿಟ್ಟಳು. ಮತ್ತೆ ಹಿಡಿದು ಮುಗಿಸಿದಳು, ಆದರೆ ಒಡೆದ ಮಡಕೆ ಒಡೆದದ್ದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರೆ. ಇವಳು ಅಷ್ಟನ್ನೂ ಅನ್ನಲಿಲ್ಲ. ಎದ್ದು ನಿಂತು "ತಪ್ಪು ನನ್ನದು" ಅಂದಳು. ಆಯ್ಕೆಯಾದವರಲ್ಲಿ ಅವಳ ಹೆಸರು ಬರಲಿಲ್ಲ.

ಈಗಿನ ಮಕ್ಕಳಿಗೆ ಧೈರ್ಯ ಸಾಲದು, ಅಷ್ಟೇ. ನೀನು ಅವಳಿಗೆ ಫೋನ್ ಮಾಡಿ ಕೆದಕಬೇಡ. ಆ ದಿನ ಸೆಖೆ ಬಹಳ ಇತ್ತು. ದೀಪದ ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅವಳ ಕಣ್ಣಿಗೆ.

ನಿನ್ನ ತಾಯಿ


ಏಪ್ರಿಲ್ ೨೦

ಅಮ್ಮ,

ನಾನು ಫೋನ್ ಮಾಡಲಿಲ್ಲ. ಅವಳೇ ಮಾಡಿದಳು. ನನ್ನ ತಪ್ಪು ಅಕ್ಕ, ನನ್ನ ತಪ್ಪು ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಎಲ್ಲಿ ನಿಂತೆ ಅಂತ ಕೇಳಿದೆ. ಹೇಳಿದಳು. ಅದು ಬಲಪುಟದ ಕೊನೆಯ ಸಾಲು ಮುಗಿದು, ಹಾಳೆ ತಿರುವಿದ ಕೂಡಲೇ ಬರುವ ಜಾಗ.

ನಾನು ನಿನ್ನನ್ನು ಏನೂ ಕೇಳುವುದಿಲ್ಲ. ನನ್ನದೇ ಒಂದು ಸಂಗತಿ ಹೇಳುತ್ತೇನೆ, ಹಿಂದೆಯೇ ಹೇಳಬೇಕಿತ್ತು.

ಮೊದಲ ಸಲ ನೀನು ನನ್ನ ಪಕ್ಕ ಕೂತಾಗ ನಾನು ಸಣ್ಣವಳು. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ನೋಡಿದೆ. ನಿನ್ನ ಕಣ್ಣು ಸ್ವರಗಳ ಮೇಲೆ ಇರುತ್ತಿರಲಿಲ್ಲ, ಮಾತುಗಳ ಮೇಲೆ ಇರುತ್ತಿತ್ತು. ಮೆಲ್ಲಗೆ ಅಂತ ಬರೆದಿದ್ದರೆ ನಾನು ಮೆಲ್ಲಗಾಗುವುದನ್ನು ನೀನು ಕಾಯುತ್ತಿದ್ದೆ, ನಿಧಾನ ಅಂತ ಬರೆದಿದ್ದರೆ ನಿಧಾನವನ್ನು. ಕೇಳಿದ ತಕ್ಷಣ ಎದ್ದು ತಿರುವುತ್ತಿದ್ದೆ. ಕೊನೆಯ ಸಾಲಿನಲ್ಲಿ ಮಾತಿಲ್ಲದ ಪುಟ ಬಂದರೆ ನಿನ್ನ ಕೈ ಹಾಳೆಯ ಮೂಲೆ ಹಿಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಅದಕ್ಕೆ ನಾನು ಪೆನ್ಸಿಲಿನಿಂದ ಬರೆಯತೊಡಗಿದೆ. ಎಲ್ಲ ಬಲಪುಟಗಳ ಕೊನೆಯಲ್ಲೂ ಒಂದು ಮಾತು. ಡೋಲ್ಚೆ, ಮಧುರವಾಗಿ. ಕಲಾಂದೋ, ಕುಗ್ಗುತ್ತಾ. ರಿತಾರ್ದಾಂದೋ, ನಿಧಾನವಾಗುತ್ತಾ. ನಿನ್ನ ನಿಘಂಟಿನಿಂದಲೇ ಕದ್ದದ್ದು. ಬರೆದಮೇಲೆ ಹಾಗೆ ನುಡಿಸಲೂ ಬೇಕಲ್ಲ, ಇಲ್ಲದಿದ್ದರೆ ನಿನಗೆ ಕೇಳಿಸುವುದು ಹೇಗೆ? ಗುಡುಗಿನ ಹಾಗೆ ನುಡಿಸಬೇಕಾದ ಕಡೆ "ಮಧುರವಾಗಿ" ಅಂತ ಬರೆದವರು ಯಾರು ಅಂತ ನನ್ನ ಟೀಚರ್ ಬೈದರು. "ಪುಟದ ಕೊನೆ ಬಂದ್ರೆ ಸಾಕು, ಯಾಕೆ ಸೊರಗ್ತೀಯಾ ನೀನು?" ಅಂತ ಕೇಳುತ್ತಿದ್ದರು.

ಇದೇ ಕಾಲೇಜಿನವರು ಹಿಂದೆ ನಾನು ನುಡಿಸಿದ್ದನ್ನು ಕೇಳಿ "ಲಯ ನಿಲ್ಲುವುದಿಲ್ಲ" ಅಂತ ಬರೆದಾಗ ನೀನು ಹೋಗಿ ಜಗಳ ಆಡಿ ಬಂದೆ. ಅವರು ಬರೆದದ್ದು ನಿಜವಿತ್ತು.

ಕಡ್ಡಿಯ ಹಳೆಯ ಪುಸ್ತಕಗಳಲ್ಲಿ ಇರುವುದೂ ನನ್ನ ಪೆನ್ಸಿಲೇ. ಊರು ಬಿಡುವ ಮೊದಲು ಬರೆದಿಟ್ಟು ಬಂದೆ. ಮೇಷ್ಟ್ರು ಪುಸ್ತಕ ಬದಲಿಸುತ್ತಾರೆ ಅಂದುಕೊಂಡಿರಲಿಲ್ಲ.

ಸಿಟ್ಟಿಗೆ ಬರೆದದ್ದಲ್ಲ ಇದು. ಇಲ್ಲಿ ನಾನು ಪುಸ್ತಕವಿಲ್ಲದೆ ನುಡಿಸುತ್ತೇನೆ. ಕುಣಿಯುವ ಮಕ್ಕಳಿಗೆ ಲಯ ಒಂದೇ ಸಮ ಬೇಕು. ಎಲ್ಲಿಯೂ ನಿಧಾನ ಮಾಡಬೇಕಾಗಿಲ್ಲ. ಅದೇ ನನಗೆ ಇಷ್ಟವಾದದ್ದು.

ನಿನ್ನ ಮಗಳು


ಮೇ ೧೬

ಮಗಳಿಗೆ,

ನಿನ್ನ ಪತ್ರ ತಲುಪಿದೆ. ಅಂಗಡಿಯಲ್ಲಿ ಕೆಲಸ ಹೆಚ್ಚು. ದೊಡ್ಡ ಇಸ್ತ್ರಿಯ ತಂತಿ ಸುಟ್ಟಿದೆ. ಮತ್ತೆ ಬರೆಯುತ್ತೇನೆ.

ತಾಯಿ


ಜೂನ್ ೨೮

ಮಗಳೇ,

ಇದಕ್ಕೆ ಮೊದಲು ಬರೆದವನ್ನೆಲ್ಲ ಹರಿದು ಒಲೆಗೆ ಹಾಕಿದೆ. ಒಂದರಲ್ಲಿ ನಿನ್ನನ್ನು ಬೈದಿದ್ದೆ. ಇನ್ನೊಂದರಲ್ಲಿ ಆ ಮೇಷ್ಟ್ರನ್ನು.

ಅಟ್ಟದಿಂದ ನಿನ್ನ ಹಳೆಯ ಪುಸ್ತಕಗಳನ್ನು ಇಳಿಸಿದೆ. ನಿನ್ನ ಅತ್ತಿಗೆ ಏಣಿ ಹಿಡಿದಳು. "ಏನ್ ಹುಡುಕ್ತಿದೀರ ಅತ್ತೆ?" ಅಂದಳು. ನಾನು ಧೂಳು ಒರೆಸಿ ಪುಟ ತೆರೆದೆ. ಡೋಲ್ಚೆಯ ಮೊದಲ ಅಕ್ಷರದ ಹೊಟ್ಟೆಯನ್ನು ನೀನು ಸಣ್ಣಂದಿನಲ್ಲಿ ಊದಿಸಿ ಬರೆಯುತ್ತಿದ್ದೆ, ಶಾಲೆಯ ಬರಹದಲ್ಲೂ ಹಾಗೇ. ನಾನೇ ಅದಕ್ಕೆ ನಿನ್ನ ಬೆರಳಿಗೆ ಹೊಡೆದಿದ್ದೇನೆ. ಆ ಹೊಟ್ಟೆ ಪುಟಪುಟದಲ್ಲೂ ಇದೆ. ನನಗೆ ಗುರುತಾಗಲಿಲ್ಲ ಅಂತ ಬರೆಯಲು ಕೈ ಬರುತ್ತಿಲ್ಲ. ಯಾರ ಕೈಬರಹ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಕೇಳಿಕೊಂಡಿದ್ದರೆ ಗೊತ್ತಾಗುತ್ತಿತ್ತು.

ಆ ದಿನ ಏನಾಯಿತು ಅಂತ ಈಗ ಬರೆಯುತ್ತೇನೆ. ಸೆಖೆ ಇರಲಿಲ್ಲ. ದೀಪ ಸರಿಯಾಗಿಯೇ ಇತ್ತು. ಮೊದಲನೆಯದು ಚಿಕ್ಕದು, ಎರಡೇ ಪುಟ, ತಿರುವುವ ಕೆಲಸವಿರಲಿಲ್ಲ. ಎರಡನೆಯದರಲ್ಲಿ ಕಡ್ಡಿ ಓಡುತ್ತಿದ್ದಳು, ನೀರು ಹರಿದ ಹಾಗೆ. ಎಲ್ಲಿಯೂ ಏರಿಲ್ಲ, ಇಳಿದಿಲ್ಲ. ಪುಟದ ಮೇಲೆ ಒಂದು ಮಾತಿಲ್ಲ. ಬರೀ ಕಪ್ಪು ಚುಕ್ಕೆಗಳು, ಇರುವೆ ಸಾಲಿನ ಹಾಗೆ. ಎಲ್ಲಿದ್ದಾಳೆ ಅಂತ ಗೊತ್ತಾಗದೆ ನಾನು ಮುಂಚೆಯೇ ಎದ್ದು ನಿಂತೆ. ಎಡಗೈಯಲ್ಲಿ ಮೂಲೆ ಹಿಡಿದೆ. ಈಗಲೋ, ಇನ್ನೂ ಇದೆಯೋ. ಅವಳು ಒಮ್ಮೆ ಕಣ್ಣೆತ್ತಿ ನನ್ನ ಮುಖ ನೋಡಿದಳು. ತಲೆ ಆಡಿಸಲಿಲ್ಲ. ಆಡಿಸಬೇಡ ಅಂದಿದ್ದೆನಲ್ಲ. ಹಿರಿಯರ ಮಾತು ಕೇಳುವ ಹುಡುಗಿ. ಸ್ವಲ್ಪ ದೂರ ನೆನಪಿನಿಂದಲೇ ಹೋದಳು, ಆಮೇಲೆ ನಿಂತಳು. ನಿಂತಮೇಲೆ ನಾನು ತಿರುವಿದೆ. ಆ ನಿಶ್ಶಬ್ದದಲ್ಲಿ ಹಾಳೆಯ ಸದ್ದು ಹಿಂದಿನ ಸಾಲಿಗೂ ಕೇಳಿರಬೇಕು.

ಅವಳು ತಪ್ಪು ನನ್ನದು ಅಂದಾಗ ನಾನು ಪಕ್ಕದಲ್ಲೇ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

ನಿನ್ನ ಪತ್ರ ಬಂದಮೇಲೆ ಅಂಗಡಿಯ ಮುಂದೆ ಅವಳು ಹಾದುಹೋದರೆ ನಾನು ಒಳಗಿನ ಕೋಣೆಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಪಿಯಾನೋ ಅಂದರೂ ನನ್ನ ಮುಖ ಬಿಸಿಯಾಗುತ್ತಿತ್ತು. ಮೊಮ್ಮಗ ನಿಘಂಟು ತೆಗೆದು "ಅಜ್ಜಿ, ಇನ್‌ಕಾಗ್ನಿಟೋ ಅಂದ್ರೇನು?" ಅಂದ. ಗುರುತು ಮರೆಸಿಕೊಂಡು ತಿರುಗುವುದು ಅಂತ ಹೇಳಿ ಪುಸ್ತಕ ಕಿತ್ತಿಟ್ಟೆ.

ಮೊನ್ನೆ ಮೇಷ್ಟ್ರ ಮನೆಗೆ ಹೋದೆ. ಕಡ್ಡಿ ಪಾಠಕ್ಕೆ ಕೂತಿದ್ದಳು. ಹೊಸಿಲಲ್ಲೇ ನಿಂತು ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. "ನಾನು ತಿರುವಲಿಲ್ಲ. ನನಗೆ ಸ್ವರ ಓದೋಕೆ ಬರಲ್ಲ."

ಅವಳು ಅಳುತ್ತಾಳೆ, ಕೈ ಹಿಡಿಯುತ್ತಾಳೆ, ಬಿಡಿ ಅಜ್ಜಿ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ನೀವು ತಿರುವಲಿಲ್ಲ ಅಂತ ನಂಗೊತ್ತು ಅಜ್ಜಿ, ನಾನೇ ಅಲ್ವಾ ಕೂತಿದ್ದು? ನೀವು ಅಲ್ಲೇ ಹೇಳ್ತೀರಾ ಅಂತ ಕಾದೆ. ಆಮೇಲೆ ಅಂಗಡಿ ಮುಂದೆ ದಿನಾ ಓಡಾಡಿದೆ, ಕರೀತೀರೇನೋ ಅಂತ" ಅಂದಳು. ಆಮೇಲೆ ಪಾಠಕ್ಕೆ ತಿರುಗಿದಳು.

ಅಲ್ಲಿಂದ ನೇರ ಸಭಾಭವನಕ್ಕೆ ಹೋದೆ. ಕಾರ್ಯದರ್ಶಿಗೆ ಕುರ್ಚಿಯಿಂದ ಏಳುವುದೋ ಕೂರುವುದೋ ತಿಳಿಯಲಿಲ್ಲ. "ಅಮ್ಮಾವ್ರೇ, ತಮಾಷೆ ಮಾಡ್ತಿದೀರಾ? ಇಷ್ಟು ವರ್ಷ ನೀವೇ ಅಲ್ವಾ..." ಅಂದರು. "ನಾನೇ. ಬರಲ್ಲ ನನಗೆ. ಕಾಲೇಜಿನವರಿಗೆ ಹೀಗಂತ ಹೇಳಿ, ಹುಡುಗಿ ನುಡಿಸೋದನ್ನ ಇನ್ನೊಂದ್ಸಲ ಕೇಳೋಕೆ ಹೇಳಿ" ಅಂದೆ. ಅವರು ಮೆಲ್ಲಗೆ, ಪಕ್ಕದ ಗುಮಾಸ್ತನಿಗೆ ಕೇಳಬಾರದು ಅಂತ, "ನಿಮ್ಮ ಹೆಸರು ಬೇಡ, ಬೇರೆ ಏನಾದ್ರೂ ಕಾರಣ ಹೇಳೋಣ" ಅಂದರು. ಸೋತ್ತೋ ವೋಚೆ. ಒಂದು ಗಳಿಗೆ ಅದು ನನಗೆ ಹಿತವಾಗಿ ಕೇಳಿತು, ಅದನ್ನೂ ಬರೆದುಬಿಡುತ್ತೇನೆ. ಆಮೇಲೆ "ನನ್ನ ಹೆಸರೇ ಹೇಳಿ" ಅಂದೆ. ಗುಮಾಸ್ತನಿಗೆ ಕೇಳುವ ಹಾಗೆಯೇ ಅಂದೆ.

ಮನೆಗೆ ಬಂದು ನಿನ್ನ ಅತ್ತಿಗೆಗೂ ಹೇಳಿದೆ. ಎಷ್ಟು ದಿನದಿಂದ ನನ್ನ ಮೇಲೆ ಒಂದು ಮಾತು ಸಿಗಲಿ ಅಂತ ಕಾಯುತ್ತಿದ್ದಳೋ. ಅವಳು ನನಗೆ ನೀರು ತಂದುಕೊಟ್ಟಳು. ಬೈದಿದ್ದರೆ ಸುಲಭವಾಗುತ್ತಿತ್ತು.

ನಿನ್ನ ವಿಷಯಕ್ಕೆ ಇನ್ನೂ ನನ್ನ ಹತ್ತಿರ ಮಾತಿಲ್ಲ. ಆ ಕಾಲೇಜಿನವರ ಜೊತೆ ಜಗಳವಾಡಿ ಬಂದ ದಿನ ನಾನು ದಾರಿಯುದ್ದಕ್ಕೂ ಕೂಗುತ್ತಿದ್ದೆ, ನೀನು ಪಕ್ಕದಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಅದೊಂದು ನಡೆ ಕಣ್ಣಿಗೆ ಕಟ್ಟಿದೆ.

ತಾಯಿ


ಸೆಪ್ಟೆಂಬರ್ ೧೪

ಮಗಳೇ,

ಕಡ್ಡಿ ನುಡಿಸುವುದನ್ನು ಕಾಲೇಜಿನವರು ನಿನ್ನೆ ಮತ್ತೆ ಕೇಳಿದರು. ಹಾಳೆ ತಿರುವಿದವಳು ನಿನ್ನ ಅತ್ತಿಗೆ. ಕಡ್ಡಿಯೇ ಅವಳನ್ನು ಕೇಳಿಕೊಂಡಳು, ನನ್ನನ್ನು ಕೇಳಲಿಲ್ಲ. ಸರಿಯಾಗಿಯೇ ಮಾಡಿದಳು. ತಿಂಗಳೆಲ್ಲ ಸಂಜೆ ಮೇಷ್ಟ್ರ ಮನೆಯಲ್ಲಿ ಕೂತು ಅಭ್ಯಾಸ ಮಾಡಿದರು. "ಒಂದಕ್ಷರ ಗೊತ್ತಿಲ್ಲ ಕಣೇ ನಂಗೆ, ಸರಿಯಾಗಿ ತಲೆ ಆಡಿಸು, ಇಲ್ಲಾಂದ್ರೆ ನಿನ್ನ ಮೂಗಿನ ಮೇಲೇ ತಿರುವ್ತೀನಿ" ಅಂತ ನಿನ್ನ ಅತ್ತಿಗೆ ಮೊದಲ ದಿನವೇ ನಮ್ಮ ಬಾಗಿಲಲ್ಲಿ ಹೇಳಿದಳು. ಎಷ್ಟು ಸಲೀಸಾಗಿ ಹೇಳಿದಳು. ನಾನು ಗಂಜಿ ಕಲಸುತ್ತಾ ಕೇಳಿಸಿಕೊಂಡೆ.

ನಾನು ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದೆ. ಕಡ್ಡಿ ತಲೆ ಆಡಿಸಿದಳು, ಹಾಳೆ ತಿರುಗಿತು. ಮತ್ತೆ ಆಡಿಸಿದಳು, ಮತ್ತೆ ತಿರುಗಿತು. ಎಂಥ ಚಿಕ್ಕ ಸನ್ನೆ ಅದು. ಗೊತ್ತಿಲ್ಲದವರಿಗೆ ಕಾಣುವುದೂ ಇಲ್ಲ. ಇಷ್ಟನ್ನು ನಾನು ಅವಮಾನ ಅಂದುಕೊಂಡಿದ್ದೆ. ಮುಗಿದಾಗ ನನ್ನ ಮುಂದಿನವನೊಬ್ಬ ಎದ್ದು "ಬ್ರಾವೋ" ಅಂತ ಕೂಗಿದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅವಳನ್ನು ತೆಗೆದುಕೊಂಡರು. ಆದರೆ ಈ ವರ್ಷದ ಜಾಗಗಳು ತುಂಬಿವೆ, ಮುಂದಿನ ವರ್ಷ ಬರಲಿ ಅಂದರು. ಆ ಹುಡುಗಿಯ ಒಂದು ವರ್ಷ ನನ್ನ ಕೈಯಲ್ಲಿ ಹೋಯಿತು. ಹೊರಗೆ ಬಂದಾಗ ನಾನು "ಚೆನ್ನಾಗಿತ್ತು" ಅಂದೆ. "ಥ್ಯಾಂಕ್ಸ್ ಅಜ್ಜಿ" ಅಂದಳು. ಮೊದಲಿನ ದನಿ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ. ಇವತ್ತು ಸಂಜೆ ಮಾತ್ರ ಅಂಗಡಿಗೆ ಬಂದು ಇಸ್ತ್ರಿ ಮೇಜಿನ ಆ ಕಡೆ ನಿಂತು ನಿಘಂಟು ಕೇಳಿದಳು. ಕೊಟ್ಟೆ.

ಇನ್ನು ನಿನ್ನ ವಿಷಯ. ರಜೆಗೆ ಬರುತ್ತೀಯ ಅಂತ ನಿನ್ನ ಅಣ್ಣ ಹೇಳಿದ. ನಿನ್ನ ಪಿಯಾನೋ ಮೇಲೆ ಜೋಡಿಸಿಟ್ಟಿದ್ದ ಬಟ್ಟೆಗಂಟುಗಳನ್ನು ತೆಗೆಸಿದ್ದೇನೆ. ಶ್ರುತಿ ಮಾಡುವವನಿಗೂ ಹೇಳಿಕಳಿಸಿದ್ದೇನೆ.

ನಾನು ಯಾರನ್ನೂ ಏನನ್ನೂ ಕೇಳಿಕೊಂಡವಳಲ್ಲ, ನಿನಗೆ ಗೊತ್ತು. ಇದನ್ನು ಹೇಗೆ ಕೇಳಬೇಕು ಅಂತ ಆ ನಿಘಂಟಿನಲ್ಲೂ ಇಲ್ಲ. ಬಂದಾಗ ಒಂದು ಸಲ ನುಡಿಸುತ್ತೀಯಾ? ಪುಸ್ತಕ ಬೇಡ. ತಿರುವುವುದೂ ಬೇಡ. ಆ ಎಡಗಡೆಯ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ. ಬೇಡ ಅಂದರೆ ಅಂಗಡಿಯಲ್ಲಿರುತ್ತೇನೆ, ಅಲ್ಲಿಗೂ ಕೇಳಿಸುತ್ತದೆ.

ಎಲ್ಲಿದ್ದರೂ ಸರಿ, ನನಗಾಗಿ ಎಲ್ಲಿಯೂ ನಿಧಾನ ಮಾಡಬೇಡ.

ಅಮ್ಮ